ದೀಪ ದೊಡ್ಡದಾದ ಸಂಜೆ

“ದೀಪ ದೊಡ್ಡದ ಮಾಡ್ರಿ, ಹೋಗೂಣು,” ಎಂದರು ಧಾರವಾಡದ ಸುಶೀಲಕ್ಕ, ಅಮೆರಿಕದ ನಾರ್ತ್‌ವಿಲ್‌ನ ನಮ್ಮ ಬೇಸ್‌ಮೆಂಟಿನ ಮೆಟ್ಟಿಲ ಬಳಿ ನಿಂತು.

ಹಳೆಯ ಚೀನೀ ದೀಪದ ಕಂಬಗಳನ್ನು ಕೂಡಿಡುವ ಹುಚ್ಚು ನನ್ನ ಗಂಡನಿಗೆ. ಶಿಕಾಗೋದಿಂದ ತಂದಿದ್ದ, ಬೀಟೆಯಂಥ ಗಟ್ಟಿಮರದ ಕಂಬದ ಮೇಲೆ ಎಣ್ಣೆದೀಪ ಹಚ್ಚಿ ಅಕ್ಕನಿಗೆ ತೋರಿಸಿದ್ದಾಗಿತ್ತು. ಇನ್ನು ಮೂವರೂ ಊಟಕ್ಕೆ ಹೊರಡುವುದಿತ್ತು. ಬೆಣೆ ಸಡಿಲಿಸಿದರೆ ಆ ಕಂಬದ ನಡುಗೋಲು ಮೇಲೇರುತ್ತದೆ, ಅದೇ ಅದರ ಹೆಚ್ಚುಗಾರಿಕೆ. ಮೈಸೂರಿನವರಾದ ನನ್ನ ಗಂಡ ಹಿಗ್ಗಿನಿಂದ ಕೋಲನ್ನು ಒಂದಡಿ ಎತ್ತಿದರು.

“ಅಯ್ಯ, ದೊಡ್ಡದ ಮಾಡ್ರೀ!” ಅಕ್ಕ ದನಿ ಏರಿಸಿದರು. ಇವರು ಕೋಲನ್ನು ಇನ್ನೊಂದಡಿ ಏರಿಸಿದರು. ತಗ್ಗಾದ ಚಾವಣಿಯ ಸ್ಮೋಕ್ ಅಲಾರಂ ಕಿರುಚಿಕೊಂಡಿತು. ಇನ್ನೂರು ವರ್ಷದ ಮರ ಎಲ್ಲಿ ಸುಟ್ಟೀತೋ ಎಂದು ಇವರು ಕಂಬವನ್ನೇ ತಬ್ಬಿಕೊಂಡರು. ಅಕ್ಕ ಕುರ್ಚಿ ಹತ್ತಿ, ಮುಡಿಯಲ್ಲಿದ್ದ ಒಂದು ಹೂವಿನಿಂದ ಕುಡಿಯನ್ನು ಒತ್ತಿ ದೀಪ ನಂದಿಸಿದರು.

“ಆರಿಸ್ರಿ ಅನ್ನಬಾರ್ದು ಅಂತ ದೊಡ್ಡದ ಮಾಡ್ರಿ ಅಂತೀವಿ!”

ಕಂಬಕ್ಕೇನೂ ಆಗಲಿಲ್ಲ. ಚಾವಣಿಯಲ್ಲಿ ಮಾತ್ರ ಮಸಿಯ ಬೊಟ್ಟೊಂದು ಉಳಿದಿದೆ. ಅದೇನೆಂದು ಬಂದವರು ಕೇಳಿದರೆ ಇವರು ಗಂಭೀರವಾಗಿ ಹೇಳುತ್ತಾರೆ: “ಅದಾ? ಧಾರವಾಡದ ಕನ್ನಡ.”