ಸೀಮೆಸುಣ್ಣದ ರಾಯರು

ಅಂತರ್ಜಲ ಇಲಾಖೆಯ ಭೂವಿಜ್ಞಾನಿ ಪ್ರಾಣೇಶರಾಯರ ಜೇಬಿನಲ್ಲಿ ಸದಾ ಸೀಮೆಸುಣ್ಣ, ಆ ಕಡೆಯ ಮಾತಿನಲ್ಲಿ ಖಡು, ಇರುವುದರಿಂದ ರೋಣ, ನರಗುಂದ, ಗಜೇಂದ್ರಗಡ ಮೂರೂ ಕಡೆಯವರು ಅವರನ್ನು ಸಾಲಿ ಮಾಸ್ತರೆಂದೇ ತಿಳಿದು ಮಕ್ಕಳ ಮಾರ್ಕು ಕೇಳುತ್ತಾರೆ. ಅಳತೆಪಟ್ಟಿಯ ತುದಿಗೆ ಸುಣ್ಣ ಬಳಿದು ಬಾವಿಗೆ ಇಳಿಬಿಟ್ಟರೆ, ಒದ್ದೆಯಾದ ಗುರುತು ನೀರಿನ ಮಟ್ಟ ಹೇಳುತ್ತದೆ ಎಂದು ವಿವರಿಸಿ ವಿವರಿಸಿ ಸೋತ ರಾಯರು, ಈಗ “ಪಾಸಾಗ್ಯಾನ, ಹೋಗ್ರಿ” ಎಂದುಬಿಡುತ್ತಾರೆ. ಮದುವೆಯ ಪಂಕ್ತಿಯಲ್ಲಿ ಕೂತು ಒಂದು ಗುಟುಕು ಹೀರಿ, “ಇದು ಚಿಕ್ಕನರಗುಂದದ ಸವಳು ನೀರು, ಇನ್ನೂರು ಫೂಟಿನದು” ಎಂದು ಘೋಷಿಸುತ್ತಾರೆ. “ಅದು ಮಜ್ಜಿಗಿ ಅದರಿ” ಎಂದು ಹೆಂಡತಿ ಲೀಲಾಬಾಯಿ ತಿದ್ದಿದರೆ, ತಪ್ಪು ಮಜ್ಜಿಗೆಯದು. ನಕಾಶೆಯಲ್ಲಿದ್ದ ದಾರಿ ನೆಲದ ಮೇಲೆ ಸಿಗದೆ ಜೀಪು ಎರಿಮಣ್ಣಿನಲ್ಲಿ ಹೂತರೆ, ತಪ್ಪು ನೆಲದ್ದು. ಇಪ್ಪತ್ತೆಂಟು ವರ್ಷದ ನೌಕರಿಯಲ್ಲಿ ರಾಯರು ತಪ್ಪು ಒಪ್ಪಿಕೊಂಡದ್ದನ್ನು ಕಂಡವರು ಒಬ್ಬರೇ, ರಾಜೂರಿನ ಶೇಖವ್ವ. ಈ ಬೇಸಿಗೆಯಲ್ಲಿ ಆಕೆಯ ಹೊಲದ ಬಾವಿಗೆ ಇಳಿಬಿಟ್ಟ ಪಟ್ಟಿ, ತಳ ಮುಟ್ಟಿಯೂ ಸುಣ್ಣ ಒಂದಿಷ್ಟೂ ಒದ್ದೆಯಾಗದೆ ಮೇಲೆ ಬಂತು. ರಾಯರು ಮತ್ತೆ ಸುಣ್ಣ ಬಳಿದು ಬಿಟ್ಟರು. ಮತ್ತೂ ಒಮ್ಮೆ ಬಿಟ್ಟರು. “ಎಷ್ಟ ಸರ್ತಿ ಬಿಡ್ತೀರ್ರೀ ಸಾಹೇಬ್ರ?” ಎಂದು ಶೇಖವ್ವ ಕೇಳಿದಾಗ, ಅವರು ಬಾವಿಯಿಂದ ಕಣ್ಣು ತೆಗೆಯದೆ ಹೇಳಿದರು: “ತಡಿಯವಾ, ತಪ್ಪು ನಂದೇ ಅದ. ಖಡು ಸರಿ ಹಚ್ಚಿಲ್ಲ.”