ಮುಟ್ಟಬಾರದ ಪುಸ್ತಕಗಳು

ಓದುವ ಹುರುಪು ಗುರಿಯಿಂದ ಹುಟ್ಟುತ್ತದೆಂದು ಎಲ್ಲರೂ ಹೇಳುತ್ತಾರೆ. ಟಾಲಿಗಂಜ್‌ನ ನಮ್ಮ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದ, ನನ್ನದೇ ಊರಾದ ಧಾರವಾಡದ ವಿದ್ಯಾರ್ಥಿನಿಯನ್ನು ಕಂಡ ಮೇಲೆ ನಾನು ಅದನ್ನು ನಂಬುವುದಿಲ್ಲ. ಗುರಿಗಳನ್ನು ಅವಳು ಬಣ್ಣದ ಚೀಟಿಗಳಲ್ಲಿ ಬರೆದು ಗೋಡೆಯ ತುಂಬ ಅಂಟಿಸಿದ್ದಳು. ಅವುಗಳ ಕೆಳಗೇ ಹಗಲೆಲ್ಲ ಮಲಗಿರುತ್ತಿದ್ದಳು. ಕೇಳಿದರೆ ಜಡೆಯ ತುದಿಯನ್ನು ಬೆರಳಿಗೆ ಸುತ್ತುತ್ತ, "ಮನಸ್ಸ ಬರವಲ್ದರಿ ಅಜ್ಜಾರ" ಎನ್ನುತ್ತಿದ್ದಳು. ಒಂದು ವಿಷಯದಲ್ಲಿ ಆಗಲೇ ನಪಾಸಾಗಿದ್ದಳು. ಮತ್ತೊಮ್ಮೆ ಹಾಗಾದರೆ ಕಾಲೇಜು ಬಿಡಿಸುವುದಾಗಿ ತಂದೆ ಹೇಳಿದ್ದರು.

ಪರೀಕ್ಷೆಗೆ ಮುನ್ನ ಸರಸ್ವತಿ ಪೂಜೆ ಬಂತು. ಇಲ್ಲಿಯ ಬಂಗಾಳಿಗಳ ಪದ್ಧತಿಯಂತೆ ಅಂದು ಪುಸ್ತಕಗಳನ್ನು ದೇವಿಯ ಮುಂದಿಡಬೇಕು, ಓದಬಾರದು. ಅವಳು ಎಲ್ಲರಿಗಿಂತ ಮೊದಲು ತಂದಿಟ್ಟಳು. ಮಧ್ಯಾಹ್ನ ಪ್ರಸಾದದ ಖಿಚುಡಿ ಉಂಡವಳು, ಪುಸ್ತಕಗಳ ಸುತ್ತ ಸುಳಿದಾಡತೊಡಗಿದಳು.

"ಅಜ್ಜಾರ, ಒಂದ ಒಂದು ತಗೋಳ್ಳೇನ್ರಿ?"

"ಇವತ್ತ ಮುಟ್ಟಬಾರದಂತ ನೋಡವಾ. ಯಾಕಂತ ಮಾತ್ರ ಯಾರೂ ಹೇಳವಲ್ಲರು."

"ಮುಟ್ಟಬಾರದು ಅಂದ್ರನ ಓದಬೇಕನಸ್ತದರಿ."

ಮರುದಿನ ಅವಳೇ ಪುಸ್ತಕಗಳನ್ನು ತಂದು ನನ್ನ ಕಪಾಟಿನಲ್ಲಿಟ್ಟು ಬೀಗ ಹಾಕಿಸಿದಳು. "ನಾ ಕೇಳಿದ್ರೂ ಕೊಡಬ್ಯಾಡ್ರಿ" ಎಂದಳು. ಅಂದಿನಿಂದ ನಾನು ಕೊಡುವುದಿಲ್ಲವೆನ್ನುವುದು, ಅವಳು ಜಗಳವಾಡಿ ಕೀಲಿ ಕಸಿದುಕೊಂಡು ಓದುವುದು ನಡೆಯಿತು. ಹಾಗೆಯೇ ಪಾಸಾದಳು.

ಈಗ ಅವಳು ಊರಿನಲ್ಲಿ ಕಿರಿಯ ವಿದ್ಯಾರ್ಥಿಗಳಿಗೆ ಬಣ್ಣದ ಚೀಟಿಗಳ ಮಹಿಮೆಯನ್ನು ವಿವರಿಸುತ್ತಾಳಂತೆ. ಅವರೂ ನಂಬುತ್ತಾರಂತೆ. ಕಾಲೇಜು ಮುಗಿಸಿ ಊರಿಗೆ ಹೊರಟ ದಿನ ಪುಸ್ತಕಗಳನ್ನೆಲ್ಲ ನನ್ನ ಕಪಾಟಿಗೆ ತುಂಬಿ, "ಇನ್ನ ಬೀಗ ಹಾಕಬ್ಯಾಡ್ರಿ ಅಜ್ಜಾರ, ಹಾಕಿದ್ರ ಮತ್ತ ಓದೋ ಮನಸ್ಸ ಬಂದೀತು" ಎಂದಿದ್ದಳು. ನಾನು ಹಾಕಿಲ್ಲ. ಅವಳು ಇಂದಿನವರೆಗೂ ಒಂದನ್ನೂ ಕೇಳಿಲ್ಲ.