ಕೊಕ್ಕರೆಯ ಸುತ್ತಲಿನ ಖಾಲಿ ಜಾಗ

ಮಲ್ಕಾಜ್‌ಗಿರಿಯ ಒಂದು ಸೀರೆ ಪ್ರಿಂಟಿಂಗ್ ಕಾರ್ಖಾನೆಯಲ್ಲಿ ನನ್ನದು ಡಿಸೈನ್ ಬರೆಯುವ ಕೆಲಸ. ಒಮ್ಮೆ ಹಳೆಯ ಜಪಾನಿ ಹೂ-ಹಕ್ಕಿ ಚಿತ್ರಗಳನ್ನು ನೋಡಿ ನೋಡಿ ಒಂದು ಸೆರಗು ಬರೆದೆ. ಮೂಲೆಯಲ್ಲಿ ಹೂಬಿಟ್ಟ ಕೊಂಬೆ, ಅದರ ಕೆಳಗೆ ಒಂದೇ ಕೊಕ್ಕರೆ, ಉಳಿದದ್ದೆಲ್ಲ ಖಾಲಿ. ಆ ಖಾಲಿಯೇ ಅದರ ಜೀವ.

ನಮ್ಮ ಮಾಲೀಕರು ಬಾಗಲಕೋಟೆ ಕಡೆಯವರು. ಸ್ಯಾಂಪಲ್ ಸೀರೆಯನ್ನು ಹಿಡಿದು, ಮಗುಚಿ, ಹಿಂಬದಿಯನ್ನೂ ನೋಡಿದರು.

"ಭಾಳ ಚಂದ ಐತಿ ಮೇಡಂ. ಉಳಿದದ್ದು ಯಾವಾಗ ಮುಗಸ್ತೀರಿ?"

"ಮುಗದೈತ್ರೀ ಸರ."

"ಹಂಗಂದ್ರ ಹೆಂಗ್ರಿ? ಈ ಊರಾಗ ಇಷ್ಟು ಜಾಗ ಖಾಲಿ ಬಿಟ್ರ ಬೆಳಗಾಗೂದ್ರಾಗ ಯಾರರೆ ಬಂದು ಕಾಂಪೌಂಡ್ ಕಟ್ಟತಾರ."

ಕೊಕ್ಕರೆಗೆ ಆಕಾಶ ಬೇಕು ಎಂದು ಬಾಯಿ ಒಣಗುವವರೆಗೆ ಹೇಳಿದೆ. ಅವರು ತಲೆಯಾಡಿಸುತ್ತ ಕೇಳಿದರು. ಮರುದಿನ ಹೋಗಿ ನೋಡಿದರೆ ಸೀರೆಗಳು ಅಚ್ಚಾಗಿ ಒಣಗುತ್ತಿದ್ದವು. ಆಕಾಶದ ತುಂಬ ಮಾವಿನಕಾಯಿ ಬುಟ್ಟಾ. ಕೊಕ್ಕರೆಯ ಕಾಲುಗಳ ನಡುವೆಯೂ ಒಂದನ್ನು ತುರುಕಿದ್ದರು.

"ಈಗ ತುಂಬಿದಂಗ ಕಾಣತೈತಿ ನೋಡ್ರಿ" ಎಂದರು.

ಅವು ಎಲ್ಲ ಮಾರಾಟವಾದದ್ದು ಹೊಟ್ಟೆಯನ್ನು ಇನ್ನಷ್ಟು ಉರಿಸಿತು.

ಕೆಡದೆ ಉಳಿದದ್ದು ಆ ಸ್ಯಾಂಪಲ್ ಒಂದೇ. ಜಗಳವಾಡಿ ಅದನ್ನು ಮನೆಗೆ ತಂದು ಅವ್ವನಿಗೆ ಕೊಟ್ಟೆ. ಅವ್ವ ಧಾರವಾಡದವಳು, ಕಸೂತಿ ಹಾಕುವುದರಲ್ಲಿ ಎತ್ತಿದ ಕೈ. ದೀಪಾವಳಿಯ ದಿನ ಅದನ್ನೇ ಉಟ್ಟು ಹೊರಗೆ ಬಂದಳು. ಸೆರಗಿನಲ್ಲಿ ಕೊಕ್ಕರೆಯ ತಲೆಯ ಮೇಲೊಂದು ಗೋಪುರ, ಪಕ್ಕದಲ್ಲಿ ತುಳಸಿಕಟ್ಟೆ, ಹಿಂದೆ ಸಾಲಾಗಿ ಆನೆಗಳು.

"ಪಾಪ, ಒಂದ ನಿಂತಿತ್ತವ್ವಾ" ಅಂದಳು.

ಇನ್ನು ಕಾಂಪೌಂಡ್ ಒಂದು ಬಾಕಿ.